ಹಳೆಯ ಹೋಮ್ ಕಂಪ್ಯೂಟರಿಗೆ ದೊಡ್ಡ ಸಾಮರ್ಥ್ಯದ ಫ್ಲಾಪಿ ಡ್ರೈವ್ ಜೋಡಿಸುವುದು ಹೇಗೆ?

"ನನ್ನ ಹಳೆಯ ಕಂಪ್ಯೂಟರಿಗೆ 1.44 ಎಂಬಿ ಡ್ರೈವ್ ಹಾಕಿದರೆ 1.44 ಎಂಬಿ ಸಿಗುತ್ತದಾ?" ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಲೇ ಇದೆ. ಕೇಳುವವರಲ್ಲಿ ಒಬ್ಬರದು ಬಿಬಿಸಿ ಮೈಕ್ರೋ, ಇನ್ನೊಬ್ಬರದು ಅಟಾರಿ ಎಸ್‌ಟಿ, ಮತ್ತೊಬ್ಬರದು ಆಮ್‌ಸ್ಟ್ರಾಡ್. ಉತ್ತರ ಮಾತ್ರ ಹೆಚ್ಚು ಕಡಿಮೆ ಒಂದೇ. ಡ್ರೈವ್ ಕೆಲಸ ಮಾಡುತ್ತದೆ, ಆದರೆ 1.44 ಎಂಬಿ ಸಿಗುವುದು ಅಪರೂಪ. ಸಾಮಾನ್ಯವಾಗಿ ಸಿಗುವುದು 640 ಅಥವಾ 720 ಕೆಬಿ. 100 ಕೆಬಿ, 180 ಕೆಬಿಯಲ್ಲಿ ಒದ್ದಾಡುತ್ತಿದ್ದವರಿಗೆ ಅದೇನೂ ಕಡಿಮೆಯಲ್ಲ ಅಲ್ವಾ?

ಡಿಸ್ಕಿನಲ್ಲಿ ಎಷ್ಟು ಹಿಡಿಸುತ್ತದೆ ಎಂಬುದನ್ನು ಡ್ರೈವ್ ಒಂದೇ ತೀರ್ಮಾನಿಸುವುದಿಲ್ಲ. ಕಂಪ್ಯೂಟರಿನೊಳಗಿನ ಕಂಟ್ರೋಲರ್ ಚಿಪ್ ಎಷ್ಟು ವೇಗದಲ್ಲಿ ಬರೆಯಬಲ್ಲದು, ಡಾಸ್, ಅಂದರೆ ಡಿಸ್ಕ್ ನೋಡಿಕೊಳ್ಳುವ ಸಾಫ್ಟ್‌ವೇರ್, ಎಷ್ಟು ಟ್ರ್ಯಾಕ್ ಲೆಕ್ಕ ಹಾಕುತ್ತದೆ ಎಂಬುದರ ಮೇಲೂ ಅದು ನಿಂತಿದೆ. ಈ ಮೂರರಲ್ಲಿ ಯಾವುದು ಎಲ್ಲಕ್ಕಿಂತ ಹಿಂದೆ ಬಿದ್ದಿದೆಯೋ, ನಿಮಗೆ ಸಿಗುವುದು ಅದರ ಸಾಮರ್ಥ್ಯ. ಆದ್ದರಿಂದ ಡ್ರೈವ್ ಹುಡುಕುವ ಮೊದಲು ಕಂಪ್ಯೂಟರಿನ ಮುಚ್ಚಳ ತೆಗೆಯಿರಿ.

ಮುಂದೆ ಬರುವ ಕೆಲವು ಪದಗಳು

ಟ್ರ್ಯಾಕ್ ಅಂದರೆ ಡಿಸ್ಕಿನ ಮೇಲೆ ಹೆಡ್ ಬರೆಯುವ ಒಂದು ಸುತ್ತು. ಹೆಡ್ ಅಂದರೆ ಡ್ರೈವಿನೊಳಗೆ ಓದುವ, ಬರೆಯುವ ಭಾಗ. ಸೆಕ್ಟರ್ ಅಂದರೆ ಟ್ರ್ಯಾಕಿನ ಒಂದು ತುಂಡು. ಹಳೆಯ 5.25 ಇಂಚಿನ ಡ್ರೈವ್‌ಗಳಲ್ಲಿ 35 ಅಥವಾ 40 ಟ್ರ್ಯಾಕ್. ಆಮೇಲೆ ಬಂದವುಗಳಲ್ಲಿ, 3.5 ಇಂಚಿನವುಗಳಲ್ಲೂ, 80.

ಡೇಟಾ ರೇಟ್ ಅಂದರೆ ಒಂದು ಸೆಕೆಂಡಿಗೆ ಹೆಡ್‌ನ ಕೆಳಗೆ ಹರಿದುಹೋಗುವ ಬಿಟ್‌ಗಳು. ಸಿಂಗಲ್ ಡೆನ್ಸಿಟಿಯಲ್ಲಿ ಇದು 125 ಕಿಲೋಬಿಟ್. ಡಬಲ್ ಡೆನ್ಸಿಟಿಯಲ್ಲಿ 250, ಹೈ ಡೆನ್ಸಿಟಿಯಲ್ಲಿ 500. ಸಿಂಗಲ್ ಡೆನ್ಸಿಟಿಗೆ ಬಳಸುವ ಬರವಣಿಗೆ ಪದ್ಧತಿಗೆ ಎಫ್‌ಎಂ ಅಂತಲೂ ಉಳಿದೆರಡಕ್ಕೆ ಬಳಸುವುದಕ್ಕೆ ಎಂಎಫ್‌ಎಂ ಅಂತಲೂ ಹೆಸರು.

ಶುಗಾರ್ಟ್ ಇಂಟರ್‌ಫೇಸ್ ಅಂದರೆ ಡ್ರೈವ್ ಮತ್ತು ಕಂಟ್ರೋಲರ್ ನಡುವಿನ 34 ಪಿನ್‌ಗಳ ಒಪ್ಪಂದ. ಶುಗಾರ್ಟ್ ಅಸೋಸಿಯೇಟ್ಸ್ ಕಂಪನಿ 1976ರಲ್ಲಿ ತಂದ 5.25 ಇಂಚಿನ ಡ್ರೈವಿನಿಂದ ಇದು ಹುಟ್ಟಿತು. ಮುಂದೆ ಬಂದ ಬಹುತೇಕ ಎಲ್ಲರೂ ಇದನ್ನೇ ಸ್ವಲ್ಪ ಸ್ವಲ್ಪ ಬದಲಿಸಿಕೊಂಡರು. ನಮ್ಮ ತಲೆನೋವೆಲ್ಲ ಆ "ಸ್ವಲ್ಪ"ದಲ್ಲೇ ಇರುವುದು.

ಹಂತ 1: ನಿಮ್ಮ ಯಂತ್ರ ಯಾವ ಜಾತಿಯದು?

ಕೆಲವು ಯಂತ್ರಗಳಿಗೆ ಪಿಸಿ ಡ್ರೈವ್ ನೇರವಾಗಿ ಹೊಂದುವುದೇ ಇಲ್ಲ. ಅವುಗಳನ್ನು ಮೊದಲೇ ಪಕ್ಕಕ್ಕಿಡೋಣ.

ಕಮೋಡೋರ್ 64ರ 1541 ಡ್ರೈವಿನಲ್ಲಿ ಅದರದ್ದೇ ಪ್ರೊಸೆಸರ್ ಇದೆ, ಅದರದ್ದೇ ಡಾಸ್ ಇದೆ. ಕಂಪ್ಯೂಟರಿನ ಜೊತೆ ಅದು ಮಾತಾಡುವುದು ಸೀರಿಯಲ್ ಕೇಬಲ್ ಮೂಲಕ. ಬರೆಯುವ ಪದ್ಧತಿಯೂ ಬೇರೆ, ಜಿಸಿಆರ್. ಇಲ್ಲಿ 34 ಪಿನ್ ಕೇಬಲ್ಲಿಗೆ ಜಾಗವೇ ಇಲ್ಲ. 170 ಕೆಬಿ ಸಾಲದು ಅನ್ನುವವರು 1581 ಹುಡುಕಬೇಕು. ಅದು 3.5 ಇಂಚಿನದು, 800 ಕೆಬಿ. ಇಲ್ಲವೇ ಸಿಎಂಡಿ ಕಂಪನಿಯ ಎಫ್‌ಡಿ-2000. ಅದು ಹೈ ಡೆನ್ಸಿಟಿ ಡಿಸ್ಕಿನಲ್ಲಿ 1.6 ಎಂಬಿ ಕೊಡುತ್ತದೆ.

ಆ್ಯಪಲ್ 2 ಕೂಡ ಹೀಗೇ. ಅದರ ಡಿಸ್ಕ್ 2 ಡ್ರೈವಿಗೆ 20 ಪಿನ್‌ನ ಕೇಬಲ್, 35 ಟ್ರ್ಯಾಕ್, 140 ಕೆಬಿ. ಹೆಡ್ ಸರಿಸುವ ಮೋಟರಿನ ಸುರುಳಿಗಳನ್ನೂ ಕಂಪ್ಯೂಟರೇ ನೇರವಾಗಿ ನಡೆಸುತ್ತದೆ. ಪಿಸಿ ಡ್ರೈವ್ ಸಿಕ್ಕಿಸಿ ಪ್ರಯೋಜನವಿಲ್ಲ.

ಒಂದೇ ಡಿಸ್ಕಿನಲ್ಲಿ ಹತ್ತು ಹದಿನಾರು ಇಂಡೆಕ್ಸ್ ತೂತುಗಳಿರುವ ಹಾರ್ಡ್ ಸೆಕ್ಟರ್ ಯಂತ್ರಗಳನ್ನೂ ಇಲ್ಲಿ ಬಿಡುತ್ತೇನೆ. ಅದು ಬೇರೆಯೇ ಕಥೆ.

ಉಳಿದವರಿಗೆ ದಾರಿ ಇದೆ: ಬಿಬಿಸಿ ಮೈಕ್ರೋ, ಟಿಆರ್‌ಎಸ್-80, ಟ್ಯಾಂಡಿಯ ಕಲರ್ ಕಂಪ್ಯೂಟರ್, ಆಮ್‌ಸ್ಟ್ರಾಡ್ ಸಿಪಿಸಿ, ಸ್ಪೆಕ್ಟ್ರಮ್ +3, ಎಂಎಸ್‌ಎಕ್ಸ್, ಅಟಾರಿ ಎಸ್‌ಟಿ, ಸಿಪಿ/ಎಂ ಎಂಬ ಆಪರೇಟಿಂಗ್ ಸಿಸ್ಟಮ್ ಓಡಿಸುವ ಕೇಪ್ರೋದಂಥ ಯಂತ್ರಗಳು. ಅಮಿಗಾಗೂ ಇದೆ, ಆದರೆ ಅಲ್ಲಿ ಸ್ವಲ್ಪ ಬೆಸುಗೆ ಕೆಲಸ ಜಾಸ್ತಿ.

ಹಂತ 2: ಕಂಟ್ರೋಲರ್ ಚಿಪ್ ಮೇಲಿನ ನಂಬರ್ ಓದಿ

ಟಾರ್ಚ್ ಹಿಡಿದು ಬೋರ್ಡಿನ ಮೇಲೆ ಹುಡುಕಿ. ಈ ಕೆಳಗಿನವುಗಳಲ್ಲಿ ಒಂದು ಸಿಗುವ ಸಾಧ್ಯತೆ ಹೆಚ್ಚು.

ಎಫ್‌ಡಿ 1771 ಅಥವಾ ಇಂಟೆಲ್ 8271 ಕಂಡರೆ ನಿಮ್ಮದು ಸಿಂಗಲ್ ಡೆನ್ಸಿಟಿ ಮಾತ್ರ. ಮೊದಲನೆಯದು ಟಿಆರ್‌ಎಸ್-80 ಮಾಡೆಲ್ 1ರ ಎಕ್ಸ್‌ಪಾನ್ಶನ್ ಇಂಟರ್‌ಫೇಸಿನಲ್ಲಿದೆ, ಎರಡನೆಯದು ಮೊದಮೊದಲಿನ ಬಿಬಿಸಿ ಮೈಕ್ರೋದಲ್ಲಿ. ಹಾಗಂತ ಬೇಸರ ಬೇಡ. 8271 ಇರುವ ಬಿಬಿಸಿಗೆ 80 ಟ್ರ್ಯಾಕಿನ ಎರಡು ಬದಿಯ ಡ್ರೈವ್ ಜೋಡಿಸಿದರೆ ಬದಿಗೆ 200 ಕೆಬಿಯಂತೆ 400 ಕೆಬಿ ಸಿಗುತ್ತದೆ. 40 ಟ್ರ್ಯಾಕಿನ ಒಂದೇ ಬದಿಯ ಡ್ರೈವ್ ಕೊಡುತ್ತಿದ್ದುದು 100 ಕೆಬಿ.

ಡಬ್ಲ್ಯೂಡಿ 1770, 1772, 1773, 1793 ಅಥವಾ ಎನ್‌ಇಸಿ 765 ಕಂಡರೆ ಚಿಪ್‌ಗೆ ಡಬಲ್ ಡೆನ್ಸಿಟಿ ಬರುತ್ತದೆ. 1770 ಹಾಕಿದ ಬಿಬಿಸಿಯಲ್ಲಿ ಎಡಿಎಫ್‌ಎಸ್ ಎಂಬ ಡಾಸ್ ಬಳಸಿದರೆ 640 ಕೆಬಿ. ಅಟಾರಿ ಎಸ್‌ಟಿಯಲ್ಲಿ 1772 ಇದೆ, 720 ಕೆಬಿ. ಮೊದಲ ಕೆಲವು 520 ಎಸ್‌ಟಿಎಫ್‌ಎಂಗಳಲ್ಲಿ ಒಂದೇ ಬದಿಯ ಡ್ರೈವ್ ಇತ್ತು. ಅಂಥದ್ದು ನಿಮ್ಮ ಬಳಿ ಇದ್ದರೆ ಡ್ರೈವ್ ಬದಲಿಸಿದರೆ ಸಾಕು, 360 ಕೆಬಿ ಇದ್ದದ್ದು 720 ಆಗುತ್ತದೆ.

ಇವುಗಳಲ್ಲಿ 1793, 765ರಂಥ ಕೆಲವು ಚಿಪ್‌ಗಳಿಗೆ 500 ಕಿಲೋಬಿಟ್ ಸ್ವತಃ ಕಷ್ಟವಲ್ಲ. ಸುತ್ತಲಿನ ಕ್ಲಾಕ್ ಸರ್ಕ್ಯೂಟ್ ಮತ್ತು ಪ್ರೊಸೆಸರ್ ಅದಕ್ಕೆ ತಯಾರಿರುವುದಿಲ್ಲ. ಲೆಕ್ಕ ನೋಡಿ. 250 ಕಿಲೋಬಿಟ್ ವೇಗದಲ್ಲಿ 32 ಮೈಕ್ರೋಸೆಕೆಂಡಿಗೆ ಒಂದು ಬೈಟ್ ಬರುತ್ತದೆ. 500ರಲ್ಲಿ 16 ಮೈಕ್ರೋಸೆಕೆಂಡಿಗೆ ಒಂದು. ಟಿಆರ್‌ಎಸ್-80 ಮಾಡೆಲ್ 1ರ ಝಡ್80 ಪ್ರೊಸೆಸರ್ ಓಡುವುದು 1.77 ಮೆಗಾಹರ್ಟ್ಸ್‌ನಲ್ಲಿ. 16 ಮೈಕ್ರೋಸೆಕೆಂಡ್ ಅಂದರೆ ಅದಕ್ಕೆ ಬರೀ 28 ಕ್ಲಾಕ್, ಅಂದರೆ 28 ಮಿಡಿತ. ಬೈಟ್ ಬಂತಾ ಎಂದು ಕೇಳಿ, ಪರೀಕ್ಷಿಸಿ, ಜಿಗಿಯುವಷ್ಟರಲ್ಲೇ ಆ 28 ಮುಗಿದಿರುತ್ತದೆ. ಬೈಟನ್ನು ಎತ್ತಿಡಲು ಸಮಯವೇ ಇಲ್ಲ. 0.89 ಮೆಗಾಹರ್ಟ್ಸ್‌ನ ಕಲರ್ ಕಂಪ್ಯೂಟರಿಗೆ ಸಿಗುವುದು 14 ಕ್ಲಾಕ್. ಹೈ ಡೆನ್ಸಿಟಿ ಬೇಕೆಂದು ಹಟ ಹಿಡಿಯುವ ಮುಂಚೆ ಈ ಲೆಕ್ಕವನ್ನು ನಿಮ್ಮ ಯಂತ್ರಕ್ಕೂ ಹಾಕಿ ನೋಡಿ.

ಹಂತ 3: ಯಾವ ಡ್ರೈವ್ ತರಬೇಕು?

ಆಯ್ಕೆ ಮೂರು.

ಒಂದು, 80 ಟ್ರ್ಯಾಕಿನ 5.25 ಇಂಚಿನ ಡಬಲ್ ಡೆನ್ಸಿಟಿ ಡ್ರೈವ್. ನಿಮ್ಮ ಯಂತ್ರಕ್ಕೆ ಇದೇ ಸರಿಯಾದ ಜೋಡಿ. ಆದರೆ ಸಿಗುವುದು ಕಷ್ಟ.

ಎರಡು, 3.5 ಇಂಚಿನ 1.44 ಎಂಬಿ ಡ್ರೈವ್. ನನ್ನನ್ನು ಕೇಳಿದರೆ ಹೆಚ್ಚಿನವರಿಗೆ ಇದೇ ಸಾಕು. ಡಬಲ್ ಡೆನ್ಸಿಟಿ ಡಿಸ್ಕ್ ಹಾಕಿದಾಗ ಇದು 720 ಕೆಬಿಯ ಡ್ರೈವಿನಂತೆಯೇ ನಡೆದುಕೊಳ್ಳುತ್ತದೆ. ಎರಡರಲ್ಲೂ 80 ಟ್ರ್ಯಾಕ್, ನಿಮಿಷಕ್ಕೆ 300 ಸುತ್ತು. ಹಳೆಯ ಕಂಪ್ಯೂಟರಿಗೆ ಇದು "ದೊಡ್ಡ ಡ್ರೈವ್" ಅನ್ನುವುದು ಗೊತ್ತೇ ಆಗುವುದಿಲ್ಲ.

ಮೂರು, 5.25 ಇಂಚಿನ 1.2 ಎಂಬಿ ಡ್ರೈವ್. ಇಲ್ಲಿ ಹುಷಾರು. ಐಬಿಎಂ ಪಿಸಿ ಎಟಿಯ ಜೊತೆ 1984ರಲ್ಲಿ ಬಂದ ಈ ಬಗೆಯ ಡ್ರೈವ್ ತಿರುಗುವುದು ನಿಮಿಷಕ್ಕೆ 360 ಸುತ್ತು. ನಿಮ್ಮ ಕಂಟ್ರೋಲರ್ 300 ಸುತ್ತು ಅಂದುಕೊಂಡಿರುತ್ತದೆ. 250 ಕಿಲೋಬಿಟ್ ವೇಗದಲ್ಲಿ 300 ಸುತ್ತಿನ ಡ್ರೈವಿನ ಒಂದು ಟ್ರ್ಯಾಕಿಗೆ 6250 ಬೈಟ್ ಹಿಡಿಸುತ್ತದೆ. 360 ಸುತ್ತಾದರೆ 5208 ಮಾತ್ರ. 512 ಬೈಟಿನ 9 ಸೆಕ್ಟರ್, ಅವುಗಳ ನಡುವಿನ ಖಾಲಿ ಜಾಗ, ವಿಳಾಸದ ಗುರುತು ಎಲ್ಲ ಸೇರಿ ಅಷ್ಟರೊಳಗೆ ಕೂರುವುದಿಲ್ಲ. ಹಳೆಯ ಡಿಸ್ಕ್ ಓದಲು ಹೋದರೂ ಅಷ್ಟೆ. ಬಿಟ್‌ಗಳು ಸೆಕೆಂಡಿಗೆ 300 ಕಿಲೋಬಿಟ್ ವೇಗದಲ್ಲಿ ಬರುತ್ತವೆ, ಕಂಟ್ರೋಲರ್ ಗೊಂದಲಕ್ಕೆ ಬೀಳುತ್ತದೆ. ಪಿಸಿಗಳಲ್ಲಿ ಇದಕ್ಕೆಂದೇ 300 ಕಿಲೋಬಿಟ್‌ನ ಬೇರೊಂದು ವೇಗ ಇಟ್ಟಿದ್ದರು. ನಿಮ್ಮ ಯಂತ್ರದಲ್ಲಿ ಅದಿಲ್ಲ.

ಪರಿಹಾರ ಇದೆ. ಟಿಯಾಕ್ ಎಫ್‌ಡಿ-55ಜಿಎಫ್‌ಆರ್‌ನಂಥ ಕೆಲವು 1.2 ಎಂಬಿ ಡ್ರೈವ್‌ಗಳನ್ನು ಜಂಪರ್ ಬದಲಿಸಿ 300 ಸುತ್ತಿಗೆ ಇಳಿಸಬಹುದು. ಜಂಪರ್ ಅಂದರೆ ಎರಡು ಪಿನ್‌ಗಳನ್ನು ಕೂಡಿಸುವ ಪುಟ್ಟ ಟೋಪಿ. ಆದರೆ ಒಂದೇ ಮಾಡೆಲ್‌ನ ಬೇರೆ ಬೇರೆ ಆವೃತ್ತಿಗಳಲ್ಲಿ ಜಂಪರ್ ಹೆಸರುಗಳು ಬದಲಾಗುತ್ತವೆ. ನಿಮ್ಮ ಡ್ರೈವಿನ ಲೇಬಲ್ ಮೇಲಿನ ಪೂರ್ತಿ ನಂಬರಿಗೆ ಹೊಂದುವ ಕೈಪಿಡಿಯನ್ನೇ ನೋಡಿ. ಅಂದಾಜಿನಲ್ಲಿ ಕಿತ್ತು ಹಾಕಬೇಡಿ. ಈ ಬಗೆಯ ಡ್ರೈವ್‌ಗಳು 2ನೇ ಪಿನ್ ನೋಡಿ ಡೆನ್ಸಿಟಿ ತೀರ್ಮಾನಿಸುತ್ತವೆ. ಆ ಪಿನ್‌ನಲ್ಲಿ ವೋಲ್ಟೇಜ್ ಇದ್ದರೆ ಯಾವ ಡೆನ್ಸಿಟಿ, ಇಲ್ಲದಿದ್ದರೆ ಯಾವುದು ಎಂಬುದನ್ನೂ ಅದೇ ಕೈಪಿಡಿಯಲ್ಲಿ ನೋಡಿಕೊಳ್ಳಿ.

ಹಂತ 4: ಮೊದಲು ನಕಲು, ಆಮೇಲೆ ಕೆಲಸ

ಹಳೆಯ ಡ್ರೈವ್ ಇನ್ನೂ ಓದುತ್ತಿದ್ದರೆ ಇವತ್ತೇ ನಿಮ್ಮ ಡಿಸ್ಕ್‌ಗಳ ನಕಲು ತೆಗೆದಿಡಿ. ಗ್ರೀಸ್‌ವೀಝಲ್‌ನಂಥ ಯುಎಸ್‌ಬಿ ಬೋರ್ಡ್ ಇದ್ದರೆ ಪಿಸಿಯಲ್ಲೇ ಇಮೇಜ್, ಅಂದರೆ ಇಡೀ ಡಿಸ್ಕಿನ ನಕಲಿರುವ ಫೈಲ್, ತೆಗೆಯಬಹುದು.

ಹೊಸದಾಗಿ ತಂದ ಡ್ರೈವಿನ ಹೆಡ್ ಅನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಹತ್ತಿಯಿಂದ ಮೆಲ್ಲಗೆ ಒರೆಸಿ. ಮೇಲಿನ ಹೆಡ್ ಎತ್ತುವಾಗ ಜೋರು ಮಾಡಬೇಡಿ, ಅದರ ಸ್ಪ್ರಿಂಗ್ ಬಾಗಿದರೆ ಡ್ರೈವ್ ಹೋಯಿತು. ಬೂಸ್ಟು ಹಿಡಿದ ಡಿಸ್ಕನ್ನು ಹೊಸ ಡ್ರೈವಿಗೆ ಹಾಕಲೇಬೇಡಿ.

ಹಂತ 5: ಪವರ್

ಡ್ರೈವ್ ಸುಡುವುದು ಬಹುಪಾಲು ಇಲ್ಲೇ.

5.25 ಇಂಚಿನ ಡ್ರೈವಿನ ದೊಡ್ಡ ಪ್ಲಗ್‌ನಲ್ಲಿ 1ನೇ ಪಿನ್ 12 ವೋಲ್ಟ್, 4ನೇ ಪಿನ್ 5 ವೋಲ್ಟ್, ನಡುವಿನ ಎರಡು ಗ್ರೌಂಡ್. 3.5 ಇಂಚಿನ ಸಣ್ಣ ಪ್ಲಗ್‌ನಲ್ಲಿ ಇದು ತಿರುವುಮುರುವು: 1ನೇ ಪಿನ್ 5 ವೋಲ್ಟ್, 4ನೇ ಪಿನ್ 12. ನೀವೇ ಕೇಬಲ್ ಮಾಡುತ್ತಿದ್ದರೆ ಡ್ರೈವಿಗೆ ಚುಚ್ಚುವ ಮುನ್ನ ಮಲ್ಟಿಮೀಟರ್ ಇಟ್ಟು ಅಳೆಯಿರಿ.

ಆಮ್‌ಸ್ಟ್ರಾಡ್ ಸಿಪಿಸಿ ಮತ್ತು ಸ್ಪೆಕ್ಟ್ರಮ್ +3 ಇಟ್ಟುಕೊಂಡವರು ಇದನ್ನು ಎರಡು ಸಲ ಓದಿ. ಒಳಗಿನ 3 ಇಂಚಿನ ಡ್ರೈವಿನ ಪವರ್ ಪ್ಲಗ್ ನೋಡಲು 3.5 ಇಂಚಿನ ಡ್ರೈವಿನದರ ಹಾಗೇ ಇದೆ. ಸಿಕ್ಕಿಸಿದರೆ ಕೂರುತ್ತದೆ ಕೂಡ. ಆದರೆ 5 ಮತ್ತು 12 ವೋಲ್ಟ್ ಅದಲುಬದಲಾಗಿವೆ. ಹಾಗೇ ಸ್ವಿಚ್ ಹಾಕಿದರೆ 5 ವೋಲ್ಟಿನ ಚಿಪ್‌ಗಳಿಗೆ 12 ವೋಲ್ಟ್ ಹೋಗುತ್ತದೆ.

ಈಚಿನ ಬಹುತೇಕ 3.5 ಇಂಚಿನ ಡ್ರೈವ್‌ಗಳಿಗೆ 5 ವೋಲ್ಟ್ ಒಂದೇ ಸಾಕು. ಲೇಬಲ್ ಮೇಲೆ ಬರೆದಿರುತ್ತದೆ. ಹಳೆಯ 5.25 ಇಂಚಿನವುಗಳಿಗೆ ಎರಡೂ ಬೇಕು, ಮೋಟರ್ ಹೊರಡುವಾಗ ಕರೆಂಟನ್ನೂ ಚೆನ್ನಾಗಿ ಎಳೆಯುತ್ತವೆ. ನಾಲ್ಕು ದಶಕ ದಾಟಿದ ಕಂಪ್ಯೂಟರಿನ ಪವರ್ ಸಪ್ಲೈ ಮೇಲೆ ಆ ಹೊರೆ ಹಾಕುವ ಬದಲು ಬೇರೆ ಸಪ್ಲೈ ಬಳಸಿ. ಎರಡು ಸಪ್ಲೈಗಳ ಗ್ರೌಂಡ್ ಒಂದಕ್ಕೊಂದು ಕೂಡಿರಬೇಕು. ಮತ್ತೊಂದು ಮಾತು: ಪವರ್ ಆನ್ ಅಥವಾ ಆಫ್ ಮಾಡುವಾಗ ಡ್ರೈವಿನಲ್ಲಿ ಡಿಸ್ಕ್ ಇರಬಾರದು.

ಹಂತ 6: ಕೇಬಲ್ ಮತ್ತು ಡ್ರೈವ್ ಸೆಲೆಕ್ಟ್

ಅತಿ ಹೆಚ್ಚು ಜನ ಸಿಕ್ಕಿಕೊಳ್ಳುವ ಜಾಗ ಇದು. ನಿಧಾನವಾಗಿ ನೋಡೋಣ.

ಶುಗಾರ್ಟ್ ಕೇಬಲ್‌ನಲ್ಲಿ ಬೆಸ ಸಂಖ್ಯೆಯ ಪಿನ್‌ಗಳೆಲ್ಲ ಗ್ರೌಂಡ್. ಸಿಗ್ನಲ್‌ಗಳು ಸಮ ಸಂಖ್ಯೆಯವು. ಒಂದಕ್ಕಿಂತ ಹೆಚ್ಚು ಡ್ರೈವ್‌ಗಳು ಒಂದೇ ಕೇಬಲ್ ಹಂಚಿಕೊಳ್ಳುತ್ತವೆ. ಯಾವ ಡ್ರೈವ್ ಈಗ ಮಾತಾಡಬೇಕು ಎಂದು ಕಂಪ್ಯೂಟರ್ ಡ್ರೈವ್ ಸೆಲೆಕ್ಟ್ ತಂತಿಗಳ ಮೂಲಕ ಹೇಳುತ್ತದೆ. 10ನೇ ಪಿನ್ ಮೊದಲ ಡ್ರೈವಿಗೆ, 12ನೆಯದು ಎರಡನೆಯದಕ್ಕೆ, 14ನೆಯದು ಮೂರನೆಯದಕ್ಕೆ. 16ನೆಯದು ಎಲ್ಲರಿಗೂ ಒಂದೇ ಮೋಟರ್ ತಂತಿ. ಡ್ರೈವಿನ ಮೇಲೆ ಡಿಎಸ್0, ಡಿಎಸ್1 ಎಂದು ಬರೆದ ಜಂಪರ್ ಇದ್ದರೆ ಅದು ಇದಕ್ಕೇ. ಕೆಲವರು 0ಯಿಂದ ಎಣಿಸುತ್ತಾರೆ, ಕೆಲವರು 1ರಿಂದ. ಹೆಸರಿಗಿಂತ ಪಿನ್ ನಂಬರ್ ನಂಬಿ.

ಐಬಿಎಂ ಪಿಸಿಯಲ್ಲಿ ಜಂಪರ್ ಗೋಜು ತಪ್ಪಿಸಲು ಎಲ್ಲ ಡ್ರೈವ್‌ಗಳನ್ನೂ ಡಿಎಸ್1ಕ್ಕೆ, ಅಂದರೆ 12ನೇ ಪಿನ್‌ಗೆ, ಕಟ್ಟಿಹಾಕಿದರು. ಕೇಬಲ್‌ನ ಕೊನೆಯ ಕನೆಕ್ಟರಿಗೆ ಹೋಗುವ 10ರಿಂದ 16ರವರೆಗಿನ ತಂತಿಗಳನ್ನು ತಿರುಚಿದರು. ಆ ತಿರುಚು ಪಿಸಿಗೆ ಮಾತ್ರ. ನಿಮ್ಮ ಯಂತ್ರಕ್ಕೆ ಅದೇ ಕೊನೆಯ ಕನೆಕ್ಟರ್ ಬಳಸಿದರೆ ಡ್ರೈವಿನ ಸೆಲೆಕ್ಟ್ ಪಿನ್‌ಗೆ ಮೂರನೇ ಡ್ರೈವಿನ ಸಿಗ್ನಲ್ ಬರುತ್ತದೆ. ಮೋಟರ್ ಪಿನ್‌ಗೆ ಮೊದಲ ಡ್ರೈವಿನ ಸೆಲೆಕ್ಟ್ ಹೋಗುತ್ತದೆ. ಮೋಟರ್ ತಿರುಗುತ್ತದೆ, ಆದರೆ ಡ್ರೈವ್ ಉತ್ತರ ಕೊಡುವುದಿಲ್ಲ. ಡ್ರೈವ್ ಕೆಟ್ಟಿದೆ ಎಂದು ಎಸೆದವರೂ ಇದ್ದಾರೆ.

ಹೀಗೆ ಮಾಡಿ:

1. ಪಿಸಿ ಕೇಬಲ್ಲೇ ಇದ್ದರೆ ನಡುವಿನ ಕನೆಕ್ಟರ್ ಬಳಸಿ. ಅಲ್ಲಿಯವರೆಗೆ ತಂತಿ ನೇರ. ಪಿಸಿ ಡ್ರೈವ್ ಯಾವ ಬದಲಾವಣೆಯೂ ಇಲ್ಲದೆ ಎರಡನೇ ಡ್ರೈವ್ ಆಗಿ ಕೆಲಸ ಮಾಡುತ್ತದೆ. ಸುಮ್ನೆ ಪರೀಕ್ಷೆಗೆ ಇದೇ ಸುಲಭ.

2. ಮೊದಲ ಡ್ರೈವ್ ಆಗಬೇಕಿದ್ದರೆ ಡಿಎಸ್0 ಜಂಪರ್ ಹುಡುಕಿ. ಜಂಪರ್ ಇಲ್ಲದ ಡ್ರೈವಿನ ಬೋರ್ಡ್ ಮೇಲೆ ಬೆಸುಗೆಯ ಪುಟ್ಟ ಸೇತುವೆ ಇರಬಹುದು. ಅದನ್ನು ಸರಿಸಬಹುದು.

3. ಅದೂ ಇಲ್ಲವೇ? ನೇರ ಕೇಬಲ್‌ನಲ್ಲಿ 10 ಮತ್ತು 12ನೇ ತಂತಿಗಳನ್ನು ಮಾತ್ರ ಅದಲುಬದಲು ಮಾಡಿ. ಮೋಟರ್ ತಂತಿ ಮುಟ್ಟಬೇಡಿ.

ಟಿಆರ್‌ಎಸ್-80 ಮಾಡೆಲ್ 1ರವರಿಗೆ ಎರಡು ಎಚ್ಚರಿಕೆ. ಕಂಪನಿಯ ಮೂಲ ಕೇಬಲ್‌ನ ಕನೆಕ್ಟರ್‌ಗಳಲ್ಲಿ ಕೆಲವು ಹಲ್ಲುಗಳನ್ನು ಬೇಕಂತಲೇ ಕಿತ್ತಿದ್ದಾರೆ. ಯಾವ ಡ್ರೈವ್ ಎಷ್ಟನೆಯದು ಎಂದು ಗುರುತಿಸಲು ಅವರು ಕಂಡುಕೊಂಡ ದಾರಿ ಅದು. ಹಾಗೇ 32ನೇ ಪಿನ್ ಉಳಿದ ಯಂತ್ರಗಳಲ್ಲಿ ಡಿಸ್ಕಿನ ಬದಿ ಆರಿಸಲು ಇದ್ದರೆ, ಇಲ್ಲಿ ಅದು ನಾಲ್ಕನೇ ಡ್ರೈವಿನ ಸೆಲೆಕ್ಟ್. ಎರಡು ಬದಿಯ ಡ್ರೈವ್ ಬಳಸಿದರೆ ನಾಲ್ಕನೇ ಡ್ರೈವಿನ ಆಸೆ ಬಿಡಬೇಕು.

ಟರ್ಮಿನೇಟರ್ ಬಗ್ಗೆ ಎರಡು ಮಾತು. ಕೇಬಲ್‌ನ ತುದಿಯಲ್ಲಿ ಸಿಗ್ನಲ್ ಮರಳಿ ಪುಟಿಯದಂತೆ ತಡೆಯುವ ರೆಸಿಸ್ಟರ್ ಗುಂಪು ಇದು. ಹಳೆಯ 5.25 ಇಂಚಿನ ಡ್ರೈವ್‌ಗಳಲ್ಲಿ ಸಾಮಾನ್ಯವಾಗಿ 150 ಓಮ್‌ನದು, ಕಿತ್ತು ತೆಗೆಯಬಹುದು. ಕೇಬಲ್‌ನ ಕೊನೆಯ ಡ್ರೈವಿನಲ್ಲಿ ಮಾತ್ರ ಇರಲಿ. 3.5 ಇಂಚಿನವುಗಳಲ್ಲಿ ಸುಮಾರು 1 ಕಿಲೋಓಮ್‌ನದು ಒಳಗೇ ಇರುತ್ತದೆ, ಅದನ್ನು ಬಿಟ್ಟುಬಿಡಿ. ಎರಡೂ ಬಗೆಯ ಡ್ರೈವ್ ಒಂದೇ ಕೇಬಲ್‌ನಲ್ಲಿದ್ದರೆ 5.25 ಇಂಚಿನದನ್ನು ತುದಿಗೆ ಹಾಕಿ.

ಹಂತ 7: 34ನೇ ಪಿನ್‌ನ ತಕರಾರು

ಎಲ್ಲ ಸರಿಯಿದ್ದೂ ಕಂಪ್ಯೂಟರ್ "ಡಿಸ್ಕ್ ಇಲ್ಲ" ಅನ್ನುತ್ತಿದ್ದರೆ ಕಾರಣ ಇದಿರಬಹುದು.

ಹಳೆಯ ಡ್ರೈವ್‌ಗಳಲ್ಲಿ 34ನೇ ಪಿನ್ ರೆಡಿ ಸಿಗ್ನಲ್. ಡಿಸ್ಕ್ ಒಳಗಿದೆ, ಸರಿಯಾದ ವೇಗಕ್ಕೆ ಬಂದಿದೆ ಎಂದು ಡ್ರೈವ್ ಅದರಲ್ಲಿ ಹೇಳುತ್ತದೆ. ಪಿಸಿಗಳ ಕಾಲಕ್ಕೆ ಅದೇ ಪಿನ್ ಡಿಸ್ಕ್ ಚೇಂಜ್ ಆಯಿತು, ಅಂದರೆ ಡಿಸ್ಕ್ ಬದಲಾಗಿದೆ ಎಂಬ ಸೂಚನೆ. ಎರಡರ ಅರ್ಥ ಹೆಚ್ಚು ಕಡಿಮೆ ಉಲ್ಟಾ.

ಅಟಾರಿ ಎಸ್‌ಟಿ ಈ ಪಿನ್ ಕಡೆ ತಿರುಗಿಯೂ ನೋಡುವುದಿಲ್ಲ. ಹಾಗಾಗಿ ಅಲ್ಲಿ ಪಿಸಿ ಡ್ರೈವ್ ಜೋಡಿಸುವುದು ಸುಲಭ. ಆಮ್‌ಸ್ಟ್ರಾಡ್ ಸಿಪಿಸಿಗೆ ರೆಡಿ ಬೇಕೇ ಬೇಕು. ಅಮಿಗಾ ಇನ್ನೂ ಒಂದು ಹೆಜ್ಜೆ ಮುಂದೆ. ಅದಕ್ಕೆ 34ರಲ್ಲಿ ರೆಡಿ, 2ರಲ್ಲಿ ಡಿಸ್ಕ್ ಚೇಂಜ್, ಎರಡೂ ಬೇಕು.

ನಿಮ್ಮ ಡ್ರೈವಿನಲ್ಲಿ ರೆಡಿ ಮತ್ತು ಡಿಸ್ಕ್ ಚೇಂಜ್ ನಡುವೆ ಬದಲಿಸುವ ಜಂಪರ್ ಇದ್ದರೆ ಅದನ್ನೇ ಬಳಸಿ. ಇಲ್ಲದಿದ್ದರೆ ಸಿಪಿಸಿಗೆ ಜನ ಮಾಡುವ ಉಪಾಯ ಹೀಗೆ: ಡ್ರೈವಿನಿಂದ ಬರುವ 34ನೇ ತಂತಿಯನ್ನು ಕತ್ತರಿಸಿ, ಕಂಪ್ಯೂಟರ್ ಕಡೆಯ ತುದಿಯನ್ನು ಪಕ್ಕದ 33ನೇ ಗ್ರೌಂಡಿಗೆ ಕೂಡಿಸುವುದು. ಆಗ ಡ್ರೈವ್ ಯಾವಾಗಲೂ ರೆಡಿ ಎಂದೇ ಕಂಪ್ಯೂಟರ್ ನಂಬುತ್ತದೆ. ಕೆಲಸವೇನೋ ಆಗುತ್ತದೆ. ಆದರೆ ಡಿಸ್ಕ್ ಹಾಕದೆ ಡೈರೆಕ್ಟರಿ ಕೇಳಿದರೆ ಯಂತ್ರ ಸುಮ್ಮನೆ ಕಾಯುತ್ತಾ ನಿಂತುಬಿಡುವುದುಂಟು. ಆಗ ಗಾಬರಿ ಬೇಡ, ಒಂದು ಡಿಸ್ಕ್ ಹಾಕಿ.

ಹಂತ 8: ಸರಿಯಾದ ಡಿಸ್ಕ್

ಹೈ ಡೆನ್ಸಿಟಿ ಡ್ರೈವ್ ಇದೆ ಎಂದು ಹೈ ಡೆನ್ಸಿಟಿ ಡಿಸ್ಕ್ ಹಾಕಬೇಕಾಗಿಲ್ಲ. ಕಂಟ್ರೋಲರ್ 250 ಕಿಲೋಬಿಟ್‌ನದು ಅಂದಮೇಲೆ ಬೇಕಾಗಿರುವುದು ಡಬಲ್ ಡೆನ್ಸಿಟಿ ಡಿಸ್ಕ್.

3.5 ಇಂಚಿನ ಹೈ ಡೆನ್ಸಿಟಿ ಡಿಸ್ಕಿಗೆ ಒಂದು ಮೂಲೆಯಲ್ಲಿ ಹೆಚ್ಚುವರಿ ತೂತು ಇರುತ್ತದೆ. ಡ್ರೈವ್ ಆ ತೂತು ನೋಡಿ ತಾನೇ ಹೈ ಡೆನ್ಸಿಟಿಗೆ ಬದಲಾಗುತ್ತದೆ. ಬರೆಯುವ ಕರೆಂಟ್, ಓದುವ ಫಿಲ್ಟರ್ ಎರಡೂ ಬದಲಾಗುತ್ತವೆ. ಕಂಪ್ಯೂಟರಿಗೆ ಇದು ಗೊತ್ತೇ ಇರುವುದಿಲ್ಲ. ಡಬಲ್ ಡೆನ್ಸಿಟಿ ಡಿಸ್ಕ್ ಸಿಗದಿದ್ದರೆ ಆ ತೂತಿಗೆ ಬೆಳಕು ದಾಟದ ಟೇಪ್ ಅಂಟಿಸಿ. ಕೆಲವು ಡ್ರೈವ್‌ಗಳು ತೂತನ್ನು ಬೆಳಕಿನಿಂದ ಗುರುತಿಸುತ್ತವೆ, ಪಾರದರ್ಶಕ ಟೇಪ್ ಅಲ್ಲಿ ನಡೆಯುವುದಿಲ್ಲ. ಅಂಚು ಎದ್ದ ಟೇಪ್ ಒಳಗೆ ಸಿಕ್ಕಿಕೊಳ್ಳುತ್ತದೆ, ಚೆನ್ನಾಗಿ ಒತ್ತಿ. ಈ ಉಪಾಯ ದಿನನಿತ್ಯದ ಬಳಕೆಗೆ ಪರವಾಗಿಲ್ಲ. ವರ್ಷಗಟ್ಟಲೆ ಉಳಿಯಬೇಕಾದ್ದನ್ನು ಇಂಥ ಡಿಸ್ಕಿನಲ್ಲಿ ಇಡಬೇಡಿ.

5.25 ಇಂಚಿನಲ್ಲಿ ಈ ಉಪಾಯವೂ ಇಲ್ಲ. ಡಬಲ್ ಡೆನ್ಸಿಟಿ ಡಿಸ್ಕಿನ ಕಾಂತ ಲೇಪ ಸುಮಾರು 300 ಓರ್ಸ್ಟೆಡ್, ಹೈ ಡೆನ್ಸಿಟಿಯದು ಸುಮಾರು 600. ಓರ್ಸ್ಟೆಡ್ ಅಂದರೆ ಆ ಲೇಪದ ಮೇಲೆ ಗುರುತು ಮೂಡಿಸಲು ಬೇಕಾದ ಕಾಂತಬಲದ ಅಳತೆ. ಅಂತರ ದುಪ್ಪಟ್ಟು. ಹೈ ಡೆನ್ಸಿಟಿ ಡಿಸ್ಕನ್ನು 250 ಕಿಲೋಬಿಟ್‌ಗೆ ಬಳಸಿದರೆ ಫಾರ್ಮ್ಯಾಟ್ ಆದಂತೆ ಕಂಡರೂ ಆಮೇಲೆ ಕೈಕೊಡುತ್ತದೆ. ಲೇಬಲ್ ಇಲ್ಲದ ಡಿಸ್ಕ್ ಸಿಕ್ಕಿದರೆ ನಡುವಿನ ದೊಡ್ಡ ತೂತಿನ ಅಂಚು ನೋಡಿ. ಅಲ್ಲಿ ಗಟ್ಟಿ ಉಂಗುರ ಇದ್ದರೆ ಸಾಮಾನ್ಯವಾಗಿ ಡಬಲ್ ಡೆನ್ಸಿಟಿ, ಇಲ್ಲದಿದ್ದರೆ ಹೈ ಡೆನ್ಸಿಟಿ.

ಹಂತ 9: ಡಾಸ್‌ಗೆ ವಿಷಯ ತಿಳಿಸಿ

ಡ್ರೈವಿಗೆ 80 ಟ್ರ್ಯಾಕ್ ಇದ್ದರೂ ಡಾಸ್ 40 ಅಂದುಕೊಂಡರೆ ಅರ್ಧದಲ್ಲೇ ನಿಲ್ಲುತ್ತದೆ. ಟಿಆರ್‌ಎಸ್-80ರ ನ್ಯೂಡಾಸ್/80ಯಲ್ಲಿ ಪಿಡ್ರೈವ್ ಎಂಬ ಆಜ್ಞೆಯಿಂದ ಟ್ರ್ಯಾಕ್ ಸಂಖ್ಯೆ, ಬದಿ, ವೇಗ ಎಲ್ಲ ಹೇಳಬಹುದು. ಸಿಪಿಸಿಗೆ ಪ್ಯಾರಾಡಾಸ್ ಎಂಬ ರೋಮ್ (ROM) ಹಾಕಿಕೊಂಡರೆ 80 ಟ್ರ್ಯಾಕ್ ಬರುತ್ತದೆ. ಸಿಪಿ/ಎಂನಲ್ಲಿ ಬಯಾಸ್ (ಹಾರ್ಡ್‌ವೇರ್ ಜೊತೆ ಮಾತಾಡುವ ಭಾಗ) ಒಳಗಿನ ಡಿಸ್ಕ್ ಪ್ಯಾರಾಮೀಟರ್ ಬ್ಲಾಕ್ ಬದಲಾಗಬೇಕು. ಡಿಸ್ಕ್ ಎಷ್ಟು ದೊಡ್ಡದು, ಹೇಗೆ ಹಂಚಿದೆ ಎಂದು ಬರೆದಿಟ್ಟ ಪಟ್ಟಿ ಅದು. ಅಸೆಂಬ್ಲಿ ಭಾಷೆಯಲ್ಲಿ ಪ್ರೋಗ್ರಾಮ್ ಬರೆಯಲು ಗೊತ್ತಿಲ್ಲದಿದ್ದರೆ ನಿಮ್ಮ ಯಂತ್ರಕ್ಕೆ ಈಗಾಗಲೇ ತಿದ್ದಿದ ಬಯಾಸ್ ಹುಡುಕುವುದು ಒಳ್ಳೆಯದು.

ಸ್ಟೆಪ್ ರೇಟ್ ಕೂಡ ನೋಡಿ. ಹೆಡ್ ಒಂದು ಟ್ರ್ಯಾಕಿನಿಂದ ಮುಂದಿನದಕ್ಕೆ ಹೋಗಲು ಕೊಡುವ ಸಮಯ ಅದು. ಹಳೆಯ ಡಾಸ್‌ಗಳು 20, 30 ಮಿಲಿಸೆಕೆಂಡ್ ಕೊಡುತ್ತವೆ. ಈಚಿನ ಡ್ರೈವಿಗೆ 6 ಸಾಕು, 3 ಆದರೂ ಬಹುತೇಕ ನಡೆಯುತ್ತದೆ.

ಹಂತ 10: 40 ಟ್ರ್ಯಾಕಿನ ಹಳೆಯ ಡಿಸ್ಕ್‌ಗಳು

5.25 ಇಂಚಿನ 80 ಟ್ರ್ಯಾಕ್ ಡ್ರೈವ್ ಹಾಕಿದವರಿಗೆ ಮಾತ್ರ ಇದು.

40 ಟ್ರ್ಯಾಕಿನ ಡಿಸ್ಕನ್ನು ಇಂಥ ಡ್ರೈವ್ ಓದಬೇಕಾದರೆ ಹೆಡ್ ಪ್ರತಿ ಸಲ ಎರಡು ಹೆಜ್ಜೆ ಇಡಬೇಕು. ಇದಕ್ಕೆ ಡಬಲ್ ಸ್ಟೆಪ್ ಅನ್ನುತ್ತಾರೆ. ಕೆಲವು ಡ್ರೈವ್‌ಗಳ ಮುಂಭಾಗದಲ್ಲಿ 40/80 ಸ್ವಿಚ್ ಇರುವುದು ಇದಕ್ಕೇ. ಕೆಲವು ಡಾಸ್‌ಗಳು ಸಾಫ್ಟ್‌ವೇರಿನಲ್ಲೇ ಮಾಡುತ್ತವೆ. ಓದುವುದರಲ್ಲಿ ತೊಂದರೆಯಿಲ್ಲ.

ಬರೆಯುವುದು ಅಪಾಯ. 80 ಟ್ರ್ಯಾಕಿನ ಹೆಡ್ ಕಿರಿದು. ಅದು ಹಳೆಯ ಅಗಲವಾದ ಟ್ರ್ಯಾಕಿನ ಅರ್ಧದಷ್ಟನ್ನೇ ಬದಲಿಸುತ್ತದೆ. ಉಳಿದ ಅಂಚಿನಲ್ಲಿ ಹಳೆಯ ಮಾಹಿತಿ ಹಾಗೇ ಉಳಿಯುತ್ತದೆ. ಸಣ್ಣ ಕುಂಚದಿಂದ ದಪ್ಪ ಗೆರೆಯ ಮೇಲೆ ಬೇರೆ ಬಣ್ಣ ಬಳಿದ ಹಾಗೆ. ನಿಮ್ಮ ಡ್ರೈವಿನಲ್ಲಿ ಆ ಡಿಸ್ಕ್ ಚೆನ್ನಾಗಿಯೇ ಓದುತ್ತದೆ. 40 ಟ್ರ್ಯಾಕಿನ ನಿಜವಾದ ಡ್ರೈವಿಗೆ ಹಾಕಿದರೆ ಅದರ ಅಗಲ ಹೆಡ್ ಹೊಸದು ಹಳೆಯದು ಎರಡನ್ನೂ ಒಟ್ಟಿಗೆ ಓದಿ ತಪ್ಪು ತೋರಿಸುತ್ತದೆ. ಕೆಲವೊಮ್ಮೆ ಕಷ್ಟಪಟ್ಟು ಉಳಿಸಿದ ಮೂಲ ಡಿಸ್ಕೇ ಹೀಗೆ ಹಾಳಾಗುತ್ತದೆ.

ಆದ್ದರಿಂದ ಹಳೆಯ ಡಿಸ್ಕ್‌ಗಳಿಗೆಲ್ಲ ಮೊದಲು ರೈಟ್ ಪ್ರೊಟೆಕ್ಟ್ ಸ್ಟಿಕರ್ ಅಂಟಿಸಿ. 40 ಟ್ರ್ಯಾಕಿನ ಯಂತ್ರಕ್ಕೆ ಡಿಸ್ಕ್ ಕೊಡಲೇಬೇಕಿದ್ದರೆ ಎಂದೂ ಬಳಸದ ಡಿಸ್ಕ್, ಅಥವಾ ಕಾಂತದ ಎರೇಸರಿನಿಂದ ಪೂರ್ತಿ ಅಳಿಸಿದ ಡಿಸ್ಕ್ ತೆಗೆದುಕೊಂಡು ಡಬಲ್ ಸ್ಟೆಪ್‌ನಲ್ಲಿ ಫಾರ್ಮ್ಯಾಟ್ ಮಾಡಿ. ಮತ್ತೆ ಫಾರ್ಮ್ಯಾಟ್ ಮಾಡಿದರೆ ಅಳಿಸಿದಂತೆ ಆಗುವುದಿಲ್ಲ, ಫಾರ್ಮ್ಯಾಟ್ ಮಾಡುವುದೂ ಅದೇ ಕಿರಿದಾದ ಹೆಡ್ ತಾನೇ.

ನಿಜವಾದ ಹೈ ಡೆನ್ಸಿಟಿ ಬೇಕೇ ಬೇಕು ಅಂದರೆ

ಮೂರು ಕಡೆ ಅದು ಸಾಧ್ಯ, ಮೂರರ ದಾರಿಯೂ ಬೇರೆ.

ಅಟಾರಿ ಎಸ್‌ಟಿಯಲ್ಲಿ 1772 ಚಿಪ್‌ನ ಕ್ಲಾಕ್ 8 ಮೆಗಾಹರ್ಟ್ಸ್. ಅದನ್ನು 16ಕ್ಕೆ ಏರಿಸಿದರೆ ಡೇಟಾ ರೇಟ್ 500 ಆಗುತ್ತದೆ. ಡೇಟಾ ಸಾಗಿಸುವುದು ಡಿಎಂಎ, ಅಂದರೆ ಪ್ರೊಸೆಸರಿನ ಕೈಯಿಲ್ಲದೆ ನೇರವಾಗಿ ಮೆಮೊರಿಗೆ ತಲುಪಿಸುವ ಸರ್ಕ್ಯೂಟ್, ಹಾಗಾಗಿ ಪ್ರೊಸೆಸರ್ ಸೋಲುವುದಿಲ್ಲ. ಆದರೆ ಎಲ್ಲ 1772ಗಳೂ 16 ಮೆಗಾಹರ್ಟ್ಸ್ ತಾಳುವುದಿಲ್ಲ. ಅಟಾರಿ ಕಂಪನಿಯೇ ಇದಕ್ಕಾಗಿ ಏಜಾಕ್ಸ್ ಎಂಬ ಚಿಪ್ ತಂದಿತು. ಕ್ಲಾಕ್ ಎರಡರಷ್ಟಾದಾಗ ಹೆಡ್ ಸರಿಯುವ ವೇಗವೂ ಎರಡರಷ್ಟಾಗುತ್ತದೆ. 3 ಮಿಲಿಸೆಕೆಂಡ್ ಇದ್ದದ್ದು 1.5 ಆಗಿ ಡ್ರೈವ್ ಹೆಜ್ಜೆ ತಪ್ಪಬಹುದು. ಮೊದಲೇ ನಿಧಾನದ ಸ್ಟೆಪ್ ರೇಟ್ ಇಡಿ.

ಅಮಿಗಾದ ಪೌಲಾ ಚಿಪ್‌ಗೆ 500ರ ವೇಗ ಆಗುವುದಿಲ್ಲ. ಆದ್ದರಿಂದ ಅಮಿಗಾಗೆಂದೇ ಮಾಡಿದ ಹೈ ಡೆನ್ಸಿಟಿ ಡ್ರೈವ್ ಡಿಸ್ಕನ್ನೇ ಅರ್ಧ ವೇಗದಲ್ಲಿ, ನಿಮಿಷಕ್ಕೆ 150 ಸುತ್ತಿನಲ್ಲಿ ತಿರುಗಿಸುತ್ತದೆ. 880 ಕೆಬಿ ಇದ್ದದ್ದು 1.76 ಎಂಬಿ ಆಗುತ್ತದೆ. ಮಾಮೂಲಿ ಪಿಸಿ ಡ್ರೈವ್ ಹೀಗೆ ನಿಧಾನವಾಗುವುದಿಲ್ಲ, ಅದರಲ್ಲಿ ಸಿಗುವುದು 880ಯೇ.

ಮೂರನೆಯದು 8 ಇಂಚಿನ ಡ್ರೈವ್ ಇದ್ದ ಯಂತ್ರಗಳು. ಅವು ಮೊದಲಿನಿಂದಲೂ ನಿಮಿಷಕ್ಕೆ 360 ಸುತ್ತು, ಡಬಲ್ ಡೆನ್ಸಿಟಿಯಲ್ಲಿ 500 ಕಿಲೋಬಿಟ್, 77 ಟ್ರ್ಯಾಕ್. 1.2 ಎಂಬಿ ಡ್ರೈವಿನ ಲೆಕ್ಕ ಪಕ್ಕದಲ್ಲಿಟ್ಟು ನೋಡಿ: ಅದೇ 360, ಅದೇ 500, ಟ್ರ್ಯಾಕ್ 80. ಉಳಿದೆಲ್ಲ ಕಡೆ ಕಾಟ ಕೊಡುವ ಡ್ರೈವ್ ಇಲ್ಲಿ ಹೇಳಿ ಮಾಡಿಸಿದ ಹಾಗಿದೆ. 50 ಪಿನ್‌ನಿಂದ 34 ಪಿನ್‌ಗೆ ಅಡಾಪ್ಟರ್ ಬೇಕು, ರೆಡಿ ಸಿಗ್ನಲ್ ನೋಡಿಕೊಳ್ಳಬೇಕು. ಡಿಸ್ಕ್ ಹೈ ಡೆನ್ಸಿಟಿಯದೇ ಇರಲಿ, 300 ಸುತ್ತಿನ ಜಂಪರ್ ಮುಟ್ಟುವುದು ಬೇಡ.

ಏನಾದರೂ ಕೈಕೊಟ್ಟರೆ

ಡ್ರೈವಿನ ದೀಪ ಆರುವುದೇ ಇಲ್ಲ: ಕೇಬಲ್ ಒಂದು ತುದಿಯಲ್ಲಿ ತಲೆಕೆಳಗಾಗಿದೆ. ತಕ್ಷಣ ಆಫ್ ಮಾಡಿ, ಡಿಸ್ಕ್ ಒಳಗಿದ್ದರೆ ಅದರ ಮೇಲಿನದು ಅಳಿಸಿರಬಹುದು.

ಮೋಟರ್ ತಿರುಗುತ್ತದೆ, ದೀಪ ಹತ್ತುವುದಿಲ್ಲ: ಡ್ರೈವ್ ಸೆಲೆಕ್ಟ್ ತಪ್ಪಿದೆ, ಹಂತ 6ಕ್ಕೆ ಹೋಗಿ.

ಎರಡು ಡ್ರೈವ್‌ಗಳ ದೀಪ ಒಟ್ಟಿಗೆ ಹತ್ತುತ್ತದೆ: ಎರಡಕ್ಕೂ ಒಂದೇ ನಂಬರ್ ಕೊಟ್ಟಿದ್ದೀರಿ.

ದೀಪ ಹತ್ತುತ್ತದೆ, ತಿರುಗುತ್ತದೆ, ಆದರೂ ಡಿಸ್ಕ್ ಇಲ್ಲ ಅನ್ನುತ್ತದೆ: 34ನೇ ಪಿನ್.

ಫಾರ್ಮ್ಯಾಟ್ ಆಗುತ್ತದೆ, ಬೇರೆ ಡ್ರೈವಿನಲ್ಲಿ ಓದುವುದಿಲ್ಲ: 3.5 ಇಂಚಾದರೆ ತೂತಿನ ಟೇಪ್ ನೋಡಿ, 5.25 ಆದರೆ ಸುತ್ತಿನ ವೇಗ ಮತ್ತು ಹಂತ 10.

ಹೊರಗಿನ ಟ್ರ್ಯಾಕ್‌ಗಳು ಸರಿ, ಒಳಗಿನವುಗಳಲ್ಲಿ ಮಾತ್ರ ತಪ್ಪು: ಡಿಸ್ಕಿನ ಬಗೆ ತಪ್ಪಿರುವ ಸಾಧ್ಯತೆ ಹೆಚ್ಚು. ಒಳಗಿನ ಸುತ್ತು ಚಿಕ್ಕದು, ಬಿಟ್‌ಗಳು ಅಲ್ಲಿ ಒತ್ತೊತ್ತಾಗಿ ಕೂರುತ್ತವೆ, ಸಹಿಸದ ಲೇಪ ಮೊದಲು ಸೋಲುವುದು ಅಲ್ಲೇ. ಡಿಸ್ಕ್ ಬದಲಿಸಿದರೂ ಹಾಗೇ ಆದರೆ ಹೆಡ್ ಇನ್ನೊಮ್ಮೆ ಒರೆಸಿ, ಸ್ಟೆಪ್ ರೇಟನ್ನು ಒಂದು ಮೆಟ್ಟಿಲು ನಿಧಾನ ಮಾಡಿ ನೋಡಿ.